ಎಚ್‌ಐವಿ ಮಾತ್ರೆ ಅಗ್ಗವಾಯಿತು. ಅದನ್ನು ರೋಗಿಯ ಕೈಗೆ ತಲುಪಿಸುವವರು ಯಾರು?

ಎಚ್‌ಐವಿಗೆ ಔಷಧವೇ ಇಲ್ಲ ಎಂದು ನಂಬಿರುವವರು ಈಗಲೂ ಬೇಕಾದಷ್ಟು ಜನ ಸಿಗುತ್ತಾರೆ. ವೈರಸ್ಸನ್ನು ದೇಹದಿಂದ ಪೂರ್ತಿಯಾಗಿ ಹೊರಹಾಕುವ ಮಾತ್ರೆ ಇಲ್ಲ ಎನ್ನುವುದು ನಿಜ. ಆದರೆ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಅಂಥವರು ಬಹುಮಟ್ಟಿಗೆ ಎಲ್ಲರಂತೆಯೇ ದೀರ್ಘಕಾಲ ಬದುಕುತ್ತಾರೆ. ವೈರಸ್ ಆ ಮಟ್ಟದಲ್ಲೇ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಈ ಚಿಕಿತ್ಸೆಗೆ ಆಂಟಿರೆಟ್ರೊವೈರಲ್ ಥೆರಪಿ, ಚಿಕ್ಕದಾಗಿ ಎಆರ್‌ಟಿ ಎಂದು ಹೆಸರು.

ವಿಶ್ವಸಂಸ್ಥೆಯ ಏಡ್ಸ್ ವಿಭಾಗವಾದ ಯುಎನ್‌ಏಡ್ಸ್ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 4.08 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಇವರಲ್ಲಿ 3.16 ಕೋಟಿ ಜನರಿಗೆ ಎಆರ್‌ಟಿ ಸಿಗುತ್ತಿತ್ತು. ಉಳಿದ 90 ಲಕ್ಷಕ್ಕೂ ಹೆಚ್ಚು ಜನರಿಗೆ ಸಿಗುತ್ತಿರಲಿಲ್ಲ. ಆ ಒಂದೇ ವರ್ಷದಲ್ಲಿ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ಸುಮಾರು 6.3 ಲಕ್ಷ ಜನ ಸತ್ತರು.

ಯಾಕೆ ಹೀಗೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಔಷಧ ದುಬಾರಿ, ಬಡ ದೇಶಗಳಿಗೆ ಕೈಗೆಟುಕುವುದಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಇದು ಸರಿಯಾದ ಉತ್ತರವಾಗಿತ್ತು. ಇವತ್ತು ಅಲ್ಲ. ಈಗ ಬಹುತೇಕ ದೇಶಗಳಲ್ಲಿ ಮೊದಲ ಆಯ್ಕೆಯಾಗಿರುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಗ್ಲೋಬಲ್ ಫಂಡ್ 2023ರಲ್ಲಿ ಇದನ್ನು ಒಬ್ಬ ರೋಗಿಗೆ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆ ಬೆಲೆಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಂದರೆ ದಿನಕ್ಕೆ ಸುಮಾರು ಹತ್ತು ರೂಪಾಯಿ.

ಮಾತ್ರೆ ಕಾರ್ಖಾನೆಯಿಂದ ಹೊರಟು ರೋಗಿಯ ಬಾಯಿ ಸೇರುವವರೆಗಿನ ದಾರಿ ಮಾತ್ರ ಅಷ್ಟು ಸುಲಭವಾಗಿ ಅಗ್ಗವಾಗಲಿಲ್ಲ. ಆ ದಾರಿಯಲ್ಲಿ ಕೂತು ಕೆಲಸ ಮಾಡುವವರು ಫಾರ್ಮಸಿಸ್ಟ್‌ಗಳು. ಎಚ್‌ಐವಿ ಕಥೆಯಲ್ಲಿ ವೈದ್ಯರು, ವಿಜ್ಞಾನಿಗಳು, ಹೋರಾಟಗಾರರು ಬರುತ್ತಾರೆ. ಫಾರ್ಮಸಿಸ್ಟ್ ಎಂದರೆ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುವವರು, ಅಷ್ಟೇ ಎಂಬ ಕಲ್ಪನೆ ನಮ್ಮಲ್ಲಿದೆ. ಅದು ಎಷ್ಟು ತಪ್ಪು ಎಂದು ಬಡ ದೇಶಗಳ ಅನುಭವ ನೋಡಿದರೆ ಗೊತ್ತಾಗುತ್ತದೆ.

ಬೆಲೆ ಇಳಿಸಿದವರಲ್ಲೂ ಒಬ್ಬ ಫಾರ್ಮಸಿಸ್ಟ್ ಇದ್ದರು

1996ರಲ್ಲಿ ಮೂರು ಔಷಧಗಳನ್ನು ಸೇರಿಸಿ ಕೊಡುವ ಪದ್ಧತಿ ಯಶಸ್ವಿಯಾದಾಗ ಅದರ ಖರ್ಚು ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗಿಂತ ಹೆಚ್ಚಿತ್ತು. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಚಿಕಿತ್ಸೆಯ ಜನೆರಿಕ್ ರೂಪವನ್ನು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುವುದಾಗಿ ಹೇಳಿದ್ದು ಬಹಳ ಜನರಿಗೆ ಗೊತ್ತಿರುವ ಕಥೆ. 1970ರ ಭಾರತೀಯ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೆ ಅಲ್ಲ. ಅದರಿಂದಲೇ ಇದು ಸಾಧ್ಯವಾಯಿತು.

ಇದಕ್ಕೂ ಮೊದಲು ಥಾಯ್ಲೆಂಡ್‌ನಲ್ಲಿ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಕ್ರಿಸನಾ ಕ್ರೈಸಿಂಟು ಎಂಬ ಫಾರ್ಮಸಿಸ್ಟ್ ಅಲ್ಲಿನ ಸರ್ಕಾರಿ ಔಷಧ ಸಂಸ್ಥೆಯಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. 1995ರಲ್ಲಿ ಅವರು ಎಝಡ್‌ಟಿ ಔಷಧದ ಜನೆರಿಕ್ ರೂಪವನ್ನು ತಯಾರಿಸಿದರು. ತಾಯಿಯಿಂದ ಮಗುವಿಗೆ ಸೋಂಕು ಹೋಗದಂತೆ ತಡೆಯಲು ಬೇಕಾಗಿದ್ದ ಔಷಧ ಅದು. ಮುಂದೆ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ‘ಜಿಪಿಒ-ವಿರ್’ ತಂದರು. ಒಂದೇ ಮಾತ್ರೆ ಎನ್ನುವುದು ಸಣ್ಣ ವಿಷಯವಾಗಿ ಕಾಣಬಹುದು. ಅದಕ್ಕೆ ಮುನ್ನ ರೋಗಿ ಬೇರೆ ಬೇರೆ ಬಾಟಲಿಗಳಿಂದ, ಬೇರೆ ಬೇರೆ ಹೊತ್ತಿಗೆ ಹಲವು ಮಾತ್ರೆ ನುಂಗಬೇಕಿತ್ತು. ಮೂರರಲ್ಲಿ ಒಂದು ಮುಗಿದುಹೋಗಿ ಎರಡನ್ನೇ ನುಂಗುತ್ತಾ ಹೋದರೆ ವೈರಸ್ ಆ ಎರಡಕ್ಕೂ ಬಗ್ಗದಂತೆ ರೂಪ ಬದಲಿಸಿಕೊಳ್ಳುತ್ತದೆ. ಮೂರೂ ಒಂದರಲ್ಲೇ ಇದ್ದರೆ ಆ ಅಪಾಯವೇ ಇಲ್ಲ.

2002ರಲ್ಲಿ ಕ್ರಿಸನಾ ಕೆಲಸ ಬಿಟ್ಟು ಆಫ್ರಿಕಾಕ್ಕೆ ಹೋದರು. ಯುದ್ಧದಿಂದ ಜರ್ಜರಿತವಾಗಿದ್ದ ಪೂರ್ವ ಕಾಂಗೋದ ಬುಕಾವು ಪಟ್ಟಣದಲ್ಲಿ, ನಂತರ ತಾಂಜಾನಿಯಾದಲ್ಲಿ, ಸ್ಥಳೀಯ ಕಾರ್ಖಾನೆಗಳಿಗೆ ಔಷಧ ತಯಾರಿಸುವುದನ್ನು ಕಲಿಸಿದರು. ಅವರಿಗೆ 2009ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

‘ಗಡಿಯಾರ ನೋಡಲು ಬರದವರಿಗೆ ಔಷಧ ಯಾಕೆ?’

ಬೆಲೆ ಇಳಿದ ಕೂಡಲೇ ಇನ್ನೊಂದು ಆಕ್ಷೇಪ ಎದ್ದಿತು. ಬಡವರಿಗೆ, ಅದರಲ್ಲೂ ಆಫ್ರಿಕಾದ ಹಳ್ಳಿಯವರಿಗೆ, ದಿನವೂ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವ ಶಿಸ್ತು ಇರುವುದಿಲ್ಲ; ಅವರು ಅರ್ಧಕ್ಕೆ ಬಿಡುತ್ತಾರೆ; ಔಷಧಕ್ಕೆ ಬಗ್ಗದ ವೈರಸ್ ಹುಟ್ಟಿ ಜಗತ್ತಿಗೆಲ್ಲ ಹರಡುತ್ತದೆ ಎಂಬುದು ಆ ವಾದ. ಇದನ್ನು ಹೇಳಿದವರು ಹಾದಿಬೀದಿಯವರಲ್ಲ. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಆಗಿನ ಮುಖ್ಯಸ್ಥ ಆ್ಯಂಡ್ರ್ಯೂ ನಾಟ್ಸಿಯೋಸ್ 2001ರಲ್ಲಿ, ಆಫ್ರಿಕಾದ ಅನೇಕರು ಗಡಿಯಾರವನ್ನೇ ಕಂಡಿಲ್ಲ, ಸೂರ್ಯನನ್ನು ನೋಡಿ ಹೊತ್ತು ತಿಳಿಯುವವರು ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದರು.

2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಇದಕ್ಕೆ ಉತ್ತರ ಪ್ರಕಟವಾಯಿತು. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರ ಪ್ರಮಾಣ ಉತ್ತರ ಅಮೆರಿಕದಲ್ಲಿ ಶೇ. 55, ಆಫ್ರಿಕಾದಲ್ಲಿ ಶೇ. 77 ಇತ್ತು. ಗಡಿಯಾರ ಇದ್ದವರೇ ಹಿಂದೆ ಬಿದ್ದಿದ್ದರು! ಆಫ್ರಿಕಾದ ರೋಗಿಗಳು ಮಾತ್ರೆ ತಪ್ಪಿಸುತ್ತಿದ್ದಾಗ ಅದಕ್ಕೆ ಕಾರಣ ಬಹಳ ಸಲ ಶಿಸ್ತಿನ ಕೊರತೆಯಲ್ಲ. ಬಸ್ ಚಾರ್ಜಿಗೆ ಕಾಸಿಲ್ಲದಿರುವುದು, ಕ್ಲಿನಿಕ್‌ಗೆ ಹೋದರೆ ಒಂದು ದಿನದ ಕೂಲಿ ಹೋಗುವುದು, ಹೋದಾಗ ಔಷಧವೇ ಇಲ್ಲದಿರುವುದು.

ಔಷಧ ಇತ್ತು, ಎತ್ತಿಕೊಡುವ ಕೈ ಇರಲಿಲ್ಲ

ದಕ್ಷಿಣ ಆಫ್ರಿಕಾವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಸುಮಾರು 80 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿರುವ ಆ ದೇಶದಲ್ಲಿ ಜಗತ್ತಿನ ಅತಿ ದೊಡ್ಡ ಎಆರ್‌ಟಿ ಕಾರ್ಯಕ್ರಮವಿದೆ. ಲೆಕ್ಕದ ಪ್ರಕಾರ ಅದು ತೀರಾ ಬಡ ದೇಶವಲ್ಲ. ಆದರೆ ಅಲ್ಲಿನ ಸರ್ಕಾರಿ ಕ್ಲಿನಿಕ್‌ಗಳನ್ನು ನಂಬಿದವರು ಬಡವರೇ. ಶುರುವಿನಲ್ಲಿ ಸರ್ಕಾರವೇ ಅಡ್ಡ ನಿಂತಿತ್ತು. ಅಧ್ಯಕ್ಷ ಥಾಬೊ ಎಂಬೆಕಿ ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಎಂಬುದನ್ನು ಅನುಮಾನಿಸಿದರು. ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣುಗಳ ಗುಣಗಾನ ಮಾಡಿದರು. ಈ ವಿಳಂಬದಿಂದ 2000ದಿಂದ 2005ರವರೆಗೆ 3.3 ಲಕ್ಷಕ್ಕೂ ಹೆಚ್ಚು ಜೀವಗಳು ಹೋದವು ಎಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಕೊಡಲು ಶುರುವಾದದ್ದು 2004ರ ಏಪ್ರಿಲ್‌ನಲ್ಲಿ.

ಅಲ್ಲಿಂದ ಮುಂದೆ ರೋಗಿಗಳ ಸಂಖ್ಯೆ ಬೆಳೆದಷ್ಟು ವೇಗವಾಗಿ ಔಷಧ ಉಗ್ರಾಣಗಳು ಬೆಳೆಯಲಿಲ್ಲ. 2012ರ ಕೊನೆಯಲ್ಲಿ ಈಸ್ಟರ್ನ್ ಕೇಪ್ ಪ್ರಾಂತ್ಯದ ಮಥಾಥಾ ಪಟ್ಟಣದ ಸರ್ಕಾರಿ ಔಷಧ ಡಿಪೊ ಕುಸಿದುಬಿತ್ತು. ನೂರಾರು ಕ್ಲಿನಿಕ್‌ಗಳಿಗೆ ಔಷಧ ಹೋಗುತ್ತಿದ್ದುದು ಅಲ್ಲಿಂದಲೇ. ಕೆಲಸಗಾರರ ವಿವಾದದಲ್ಲಿ ಬಹಳ ಮಂದಿ ಅಮಾನತಾಗಿ, ಬೆರಳೆಣಿಕೆಯ ಸಿಬ್ಬಂದಿ ಉಳಿದಿದ್ದರು. ಬಂದ ಆರ್ಡರ್ ನೋಡಿ, ಪೆಟ್ಟಿಗೆ ತುಂಬಿ, ಲಾರಿಗೆ ಹತ್ತಿಸುವವರೇ ಇಲ್ಲ. ಕ್ಲಿನಿಕ್‌ಗಳಲ್ಲಿ ರೋಗಿಗಳು ಬರಿಗೈಯಲ್ಲಿ ವಾಪಸಾದರು. ಕೊನೆಗೆ ‘ಗಡಿಗಳಿಲ್ಲದ ವೈದ್ಯರು’ ಮತ್ತು ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಸಂಘಟನೆಗಳು ತಮ್ಮ ಜನರನ್ನು ಕಳಿಸಿ ತಿಂಗಳುಗಟ್ಟಲೆ ಆ ಡಿಪೊ ನಡೆಸಲು ನೆರವಾಗಬೇಕಾಯಿತು. ಮರುವರ್ಷ ಕೆಲವು ಸಂಘಟನೆಗಳು ಸೇರಿ ದೇಶದಾದ್ಯಂತ ಕ್ಲಿನಿಕ್‌ಗಳಿಗೆ ಫೋನ್ ಮಾಡಿ ವಿಚಾರಿಸಿದಾಗ, ಹಿಂದಿನ ಮೂರು ತಿಂಗಳಲ್ಲಿ ಎಚ್‌ಐವಿ ಅಥವಾ ಕ್ಷಯದ ಯಾವುದಾದರೂ ಔಷಧ ಖಾಲಿಯಾಗಿತ್ತು ಎಂದು ಐದರಲ್ಲಿ ಒಂದು ಕ್ಲಿನಿಕ್ ಹೇಳಿತು.

ಔಷಧ ಖಾಲಿಯಾಗದಂತೆ ನೋಡಿಕೊಳ್ಳುವುದು ಫಾರ್ಮಸಿಸ್ಟ್‌ನ ಕಣ್ಣಿಗೆ ಬೀಳದ ಕೆಲಸ. ಈ ತಿಂಗಳು ಎಷ್ಟು ಬಾಟಲಿ ಹೋಯಿತು, ಹೊಸ ರೋಗಿಗಳು ಎಷ್ಟು ಬರಬಹುದು, ಮುಂದಿನ ಲಾರಿ ಬರಲು ಎಷ್ಟು ದಿನ, ಯಾವ ಪೆಟ್ಟಿಗೆಯ ಅವಧಿ ಮೊದಲು ಮುಗಿಯುತ್ತದೆ ಎಂಬ ಲೆಕ್ಕ ಅದು. ಕಿರಾಣಿ ಅಂಗಡಿಯವರೂ ಇದನ್ನು ಮಾಡುತ್ತಾರೆ. ವ್ಯತ್ಯಾಸ ಏನೆಂದರೆ, ಇಲ್ಲಿ ಲೆಕ್ಕ ತಪ್ಪಿದರೆ ಪಕ್ಕದ ಅಂಗಡಿಗೆ ಹೋಗಿ ತರುವ ಹಾಗಿಲ್ಲ.

ಕೌಂಟರ್‌ನಲ್ಲಿ ನಡೆಯುವುದು ಏನು?

ಒಬ್ಬ ರೋಗಿಗೆ ಎಚ್‌ಐವಿ ಜೊತೆಗೆ ಕ್ಷಯವೂ ಇದೆ ಎಂದುಕೊಳ್ಳಿ. ಬಡ ದೇಶಗಳಲ್ಲಿ ಇದು ತೀರಾ ಸಾಮಾನ್ಯ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಡೊಲುಟೆಗ್ರಾವಿರ್ ಅನ್ನು ದೇಹ ಬೇಗ ಕರಗಿಸಿ ಹೊರಹಾಕುವಂತೆ ಮಾಡುತ್ತದೆ. ಹಾಗಾಗಿ ದಿನಕ್ಕೆ ಒಂದು ಸಲ ಕೊಡುವ ಡೊಲುಟೆಗ್ರಾವಿರ್ ಅನ್ನು 12 ಗಂಟೆಗೊಮ್ಮೆ, ಎರಡು ಸಲ ಕೊಡಬೇಕು. ಎರಡು ರೋಗಕ್ಕೆ ಎರಡು ಕಡೆ ಚಿಕಿತ್ಸೆ ನಡೆಯುತ್ತಿದ್ದರೆ ಇದು ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಎರಡೂ ಪಟ್ಟಿಯನ್ನು ಒಟ್ಟಿಗೆ ನೋಡಬಲ್ಲವರು ಔಷಧ ಕೊಡುವವರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವಿಷಯದಲ್ಲಿ ಇದರ ತಿರುಗುಮುರುಗು. ಡೊಲುಟೆಗ್ರಾವಿರ್ ಜೊತೆಗಿದ್ದರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚಾಗುತ್ತದೆ, ಅದರ ಡೋಸ್‌ಗೆ ಮಿತಿ ಹಾಕಬೇಕಾಗುತ್ತದೆ.

ಇನ್ನು ಹೊಟ್ಟೆ ಉರಿಗೆಂದು ನಾವು ಚೀಟಿ ಇಲ್ಲದೆ ಕೊಳ್ಳುವ ಆ್ಯಂಟಾಸಿಡ್. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಶಿಯಂಗಳು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಆ್ಯಂಟಾಸಿಡ್ ತೆಗೆದುಕೊಳ್ಳುವುದಕ್ಕಿಂತ ಎರಡು ಗಂಟೆ ಮುಂಚೆ ಅಥವಾ ಆರು ಗಂಟೆ ನಂತರ ಎಚ್‌ಐವಿ ಮಾತ್ರೆ ತೆಗೆದುಕೊಳ್ಳಬೇಕು. ರೋಗಿ ಇದನ್ನು ವೈದ್ಯರಿಗೆ ಹೇಳಿರುವುದೇ ಇಲ್ಲ. ಹೊಟ್ಟೆ ಉರಿಯ ಗುಳಿಗೆಯನ್ನು ಯಾರು ಔಷಧ ಎಂದು ಲೆಕ್ಕ ಹಾಕುತ್ತಾರೆ? ಕೌಂಟರ್‌ನಲ್ಲಿ ಕೇಳಿದರೆ ಹೊರಬರುತ್ತದೆ.

ಹೀಗೇ ಹೊರಬರುವ ಇನ್ನೊಂದು ನಂಬಿಕೆ, ಊಟವಿಲ್ಲದೆ ಈ ಮಾತ್ರೆ ನುಂಗಿದರೆ ಅಪಾಯ ಎಂಬುದು. ಮನೆಯಲ್ಲಿ ಅಂದು ಅನ್ನವಿಲ್ಲದಿದ್ದರೆ ಅಂದು ಮಾತ್ರೆಯನ್ನೂ ಬಿಡುತ್ತಾರೆ. ಟಿಎಲ್‌ಡಿಯನ್ನು ಊಟದ ಜೊತೆಗೂ ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು. ಈ ಒಂದು ಮಾತನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ‘ನೀವು ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಹೇಳಿ ನೋಡೋಣ’ ಎಂದು ಕೇಳಿಸಿಕೊಳ್ಳಲು ಎರಡು ನಿಮಿಷ ಬೇಕು. ಸಂವಹನ ಓದಿದ ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಬೆಲೆ ಕಟ್ಟಿರುವ ಸಮಯ ಆ ಎರಡು ನಿಮಿಷ ಎನಿಸುತ್ತದೆ. ಮುನ್ನೂರು ಜನ ಸಾಲಿನಲ್ಲಿ ನಿಂತಿದ್ದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಬಾಟಲಿಯ ಸದ್ದಿನ ಸಮಸ್ಯೆಯೂ ಇದೆ. ಚೀಲದೊಳಗೆ ಮಾತ್ರೆ ಗಲಗಲ ಎಂದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ ಎಂಬ ಭಯಕ್ಕೆ ಕೆಲವರು ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಬಾಟಲಿಯನ್ನು ಕ್ಲಿನಿಕ್ ಬಳಿಯೇ ಎಸೆದು ಹೋಗುತ್ತಾರೆ. ತೇವಾಂಶ ತಗುಲದಂತೆ ಅವನ್ನು ಮೂಲ ಬಾಟಲಿಯಲ್ಲೇ ಇಡಬೇಕು. ಬೈದರೆ ಪ್ರಯೋಜನವಿಲ್ಲ. ಸದ್ದಾಗದಂತೆ ಬಾಟಲಿಯೊಳಗೆ ಒಂದಿಷ್ಟು ಹತ್ತಿ ತುರುಕಿ ಎಂದರೆ ಕೆಲಸ ಆಗುತ್ತದೆ.

ಮಕ್ಕಳ ಔಷಧದ್ದು ಬೇರೆಯೇ ಪಾಡು. ವರ್ಷಗಟ್ಟಲೆ ಪುಟ್ಟ ಮಕ್ಕಳಿಗೆ ಕೊಡುತ್ತಿದ್ದ ಲೋಪಿನಾವಿರ್-ರಿಟೊನಾವಿರ್ ಸಿರಪ್ ವಿಪರೀತ ಕಹಿ. ಅದರಲ್ಲಿ ಶೇ. 40ಕ್ಕೂ ಹೆಚ್ಚು ಆಲ್ಕೋಹಾಲ್. ರೋಗಿಗೆ ಕೊಡುವವರೆಗೂ ಫ್ರಿಜ್‌ನಲ್ಲೇ ಇಡಬೇಕು, ಕರೆಂಟ್ ಇಲ್ಲದ ಕ್ಲಿನಿಕ್‌ನಲ್ಲೂ! 2020ರ ಡಿಸೆಂಬರ್‌ನಲ್ಲಿ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ ಮಕ್ಕಳ ಡೊಲುಟೆಗ್ರಾವಿರ್ ಮಾತ್ರೆಯನ್ನು ವರ್ಷಕ್ಕೆ 120 ಡಾಲರ್‌ಗೆ ಕೊಡುವ ಒಪ್ಪಂದವಾಯಿತು. ಅದಕ್ಕೂ ಮೊದಲು ಮಕ್ಕಳ ಚಿಕಿತ್ಸೆಗೆ ಸುಮಾರು 480 ಡಾಲರ್ ಖರ್ಚಾಗುತ್ತಿತ್ತು. ಮಗುವಿನ ತೂಕ ಹೆಚ್ಚಿದಂತೆ ಮಾತ್ರೆಗಳ ಸಂಖ್ಯೆ ಬದಲಾಗುತ್ತದೆ. ಪ್ರತಿ ಸಲವೂ ತೂಕ ನೋಡಿ ಅಜ್ಜಿಗೋ ಅಮ್ಮನಿಗೋ ಹೊಸ ಲೆಕ್ಕ ಹೇಳಿಕೊಡಬೇಕು.

ಕೌಂಟರ್‌ನ ರಿಜಿಸ್ಟರ್ ಕೂಡ ಒಂದು ಪರೀಕ್ಷೆಯೇ. 30 ಮಾತ್ರೆ ಒಯ್ದವರು 30ನೇ ದಿನಕ್ಕೆ ಬರಬೇಕು. 45ನೇ ದಿನ ಬಂದರೆ ಹದಿನೈದು ದಿನ ಮಾತ್ರೆ ನುಂಗಿಲ್ಲ ಎಂದೇ ಅರ್ಥ. ದಕ್ಷಿಣ ಆಫ್ರಿಕಾ ಭಾಗದ ಸುಮಾರು 2000 ರೋಗಿಗಳ ದಾಖಲೆಗಳನ್ನು ನೋಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ವಿಫಲವಾಗುತ್ತಿದೆ ಎಂಬುದನ್ನು ಪತ್ತೆ ಮಾಡುವುದರಲ್ಲಿ, ಔಷಧ ಒಯ್ದ ದಿನಾಂಕಗಳ ಈ ಲೆಕ್ಕ ಆಗ ರೂಢಿಯಲ್ಲಿದ್ದ ಸಿಡಿ4 ರಕ್ತಪರೀಕ್ಷೆಗಿಂತ ಕಡಿಮೆಯಿರಲಿಲ್ಲ ಎಂದು ಅದು ತೋರಿಸಿತು. ಲ್ಯಾಬ್ ಇಲ್ಲದ ಊರಿನಲ್ಲಿ ಒಂದು ಪೆನ್ನು, ಒಂದು ಪುಸ್ತಕ ಇದ್ದರೆ ಸಾಕು, ಯಾರನ್ನು ಮೊದಲು ವಿಚಾರಿಸಬೇಕು ಎಂದು ಗೊತ್ತಾಗುತ್ತದೆ.

ಫಾರ್ಮಸಿಸ್ಟೇ ಇಲ್ಲದಿದ್ದರೆ?

ಇಷ್ಟೆಲ್ಲ ಮಾಡಲು ಜನ ಬೇಕಲ್ಲ. 2006ಕ್ಕೆ ಮುಂಚೆ ಮಲಾವಿ ದೇಶದಲ್ಲಿ ಫಾರ್ಮಸಿ ಪದವಿ ಕೋರ್ಸೇ ಇರಲಿಲ್ಲ. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಔಷಧ ಕೊಠಡಿಯನ್ನು ನರ್ಸ್‌ಗಳೋ ತರಬೇತಿ ಇಲ್ಲದ ಸಹಾಯಕರೋ ನೋಡಿಕೊಳ್ಳುತ್ತಿದ್ದರು. ಅಲ್ಲಿನ ಸರ್ಕಾರ 2013ರ ಹೊತ್ತಿಗೆ ಎರಡು ವರ್ಷದ ಫಾರ್ಮಸಿ ಸಹಾಯಕರ ತರಬೇತಿಯನ್ನು ಹೊಸದಾಗಿ ರೂಪಿಸಿತು. ಅದರಲ್ಲಿ ಒಂದು ಪಾಲು ಕಲಿಕೆ ಕೆಲಸ ಮಾಡುತ್ತಲೇ. ಪದವೀಧರರನ್ನು ಕಾಯುತ್ತಾ ಕೂರುವುದಕ್ಕಿಂತ ಇದು ಜಾಣತನದ ದಾರಿ.

ಇನ್ನೊಂದು ದಾರಿ, ರೋಗಿ ಕೌಂಟರ್‌ಗೆ ಬರುವ ಸಲಗಳನ್ನೇ ಕಡಿಮೆ ಮಾಡುವುದು. ಮಲಾವಿ ಮತ್ತು ಜಾಂಬಿಯಾದ 30 ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಆರೋಗ್ಯ ಸ್ಥಿರವಾಗಿದ್ದ ಕೆಲವರಿಗೆ ಎಂದಿನಂತೆ, ಕೆಲವರಿಗೆ ಮೂರು ತಿಂಗಳ, ಕೆಲವರಿಗೆ ಆರು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟರು. ಅಷ್ಟೊಂದು ಮಾತ್ರೆ ಕೈಗೆ ಕೊಟ್ಟರೆ ಕಳೆದುಕೊಳ್ಳುತ್ತಾರೆ, ಮಾರಿಕೊಳ್ಳುತ್ತಾರೆ ಎಂಬ ಅನುಮಾನ ಹಲವರಿಗಿತ್ತು. ವರ್ಷದ ಕೊನೆಗೆ ಚಿಕಿತ್ಸೆಯಲ್ಲಿ ಉಳಿದಿದ್ದವರ ಪ್ರಮಾಣ ಎಂದಿನ ಪದ್ಧತಿಯಲ್ಲಿ ಶೇ. 83, ಆರು ತಿಂಗಳ ಗುಂಪಿನಲ್ಲಿ ಶೇ. 91. ಕೋವಿಡ್ ಲಾಕ್‌ಡೌನ್ ಬಂದಾಗ ಭಾರತವೂ ಸೇರಿ ಅನೇಕ ದೇಶಗಳು ಇದೇ ದಾರಿ ಹಿಡಿದವು. ಆದರೆ ಉಗ್ರಾಣದಲ್ಲಿ ಆರು ತಿಂಗಳಿಗಾಗುವಷ್ಟು ದಾಸ್ತಾನು ಇದ್ದರೆ ಮಾತ್ರ ಇದು ಸಾಧ್ಯ. ಮತ್ತೆ ಲೆಕ್ಕ ಹಾಕುವವರ ಹತ್ತಿರಕ್ಕೇ ಬಂದೆವು.

ಮನೆ ಹತ್ತಿರದ ಮೆಡಿಕಲ್ ಶಾಪ್

ದಕ್ಷಿಣ ಆಫ್ರಿಕಾ 2014ರಲ್ಲಿ ಬೇರೊಂದು ಯೋಜನೆ ಶುರುಮಾಡಿತು. ಎಚ್‌ಐವಿ, ಬಿಪಿ, ಸಕ್ಕರೆ ಕಾಯಿಲೆಗಳಿಗೆ ನಿತ್ಯ ಔಷಧ ಬೇಕಾದವರ ಪೊಟ್ಟಣಗಳನ್ನು ಒಂದು ಕೇಂದ್ರದಲ್ಲಿ ಹೆಸರು ಬರೆದು ಸಿದ್ಧಪಡಿಸುತ್ತಾರೆ. ರೋಗಿ ಅದನ್ನು ಮನೆ ಹತ್ತಿರದ ಖಾಸಗಿ ಔಷಧ ಮಳಿಗೆಯಿಂದಲೋ ಬೇರೆ ನಿಗದಿತ ಜಾಗದಿಂದಲೋ ಉಚಿತವಾಗಿ ಒಯ್ಯಬಹುದು. ಸಾಲಿಲ್ಲ. ಎಚ್‌ಐವಿ ಕ್ಲಿನಿಕ್‌ನ ಬೋರ್ಡಿನ ಕೆಳಗೆ ನಿಂತು ಯಾರಾದರೂ ನೋಡಿಯಾರೆಂದು ಮುಖ ಮುಚ್ಚಿಕೊಳ್ಳಬೇಕಿಲ್ಲ. ಪಕ್ಕದಲ್ಲಿರುವವರು ಶಾಂಪೂ ಕೊಳ್ಳುತ್ತಿರಬಹುದು. 2018ರಲ್ಲಿ ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಬಡಾವಣೆಯಲ್ಲಿ ಎಟಿಎಂ ಮಾದರಿಯ ಔಷಧ ಯಂತ್ರವನ್ನೂ ಇಟ್ಟರು. ಕಾರ್ಡು ತೋರಿಸಿ, ಪಿನ್ ಒತ್ತಿದರೆ, ಪರದೆಯ ಮೇಲೆ ಫಾರ್ಮಸಿಸ್ಟ್ ಮಾತನಾಡುತ್ತಾರೆ. ಔಷಧ ಕೆಳಗೆ ಬೀಳುತ್ತದೆ. ಸುದ್ದಿಯಲ್ಲಿ ಮಿಂಚಿದ್ದು ಯಂತ್ರ. ನಿಜವಾಗಿ ಕೆಲಸ ಮಾಡಿದ್ದು ಪರದೆಯ ಆಚೆಗಿನ ಆ ಫಾರ್ಮಸಿಸ್ಟ್ ಎಂದೇ ನನಗನಿಸುತ್ತದೆ.

ನೈಜೀರಿಯಾದ ಅಬುಜಾದಲ್ಲೂ ಆರೋಗ್ಯ ಸ್ಥಿರವಾಗಿರುವ ರೋಗಿಗಳನ್ನು ಆಸ್ಪತ್ರೆಯಿಂದ ಬಡಾವಣೆಯ ಔಷಧ ಅಂಗಡಿಗಳಿಗೆ ಕಳಿಸುವ ಪ್ರಯೋಗ ನಡೆಯಿತು. ಔಷಧ ಉಚಿತ, ಆದರೆ ಅಂಗಡಿಯವರ ಶ್ರಮಕ್ಕೆ ರೋಗಿ ಒಂದಿಷ್ಟು ಸೇವಾ ಶುಲ್ಕ ಕೊಡಬೇಕು. ಬಸ್ ಚಾರ್ಜು, ಕೂಲಿ ಉಳಿಯುವುದರಿಂದ ಕೊಡಲು ಒಪ್ಪಿದವರು ಇದ್ದರು. ಅಷ್ಟೂ ಕೊಡಲಾಗದವರಿಗೆ ಮಾತ್ರ ಈ ಬಾಗಿಲು ಮುಚ್ಚಿದಂತೆಯೇ. ಅಂಗಡಿಯವರಿಗೆ ಯಾರಾದರೂ ಹಣ ಕೊಡಲೇಬೇಕು. ಅದು ಸರ್ಕಾರವೋ, ದಾನಿಯೋ, ರೋಗಿಯೋ ಎಂಬುದೇ ಇಂಥ ಯೋಜನೆಗಳು ಉಳಿಯುವುದನ್ನೂ ಅಳಿಯುವುದನ್ನೂ ತೀರ್ಮಾನಿಸುತ್ತದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಇದ್ದಕ್ಕಿದ್ದಂತೆ ತಡೆಹಿಡಿದಾಗ ಆಫ್ರಿಕಾದ ಅನೇಕ ಕ್ಲಿನಿಕ್‌ಗಳು ಬಾಗಿಲು ಹಾಕಿದವು, ಸಾವಿರಾರು ಸಿಬ್ಬಂದಿ ಕೆಲಸ ಕಳೆದುಕೊಂಡರು.

ಚಿಕಿತ್ಸೆ ಶುರುಮಾಡುವ ಅಧಿಕಾರವನ್ನೂ ಕೊಡಬಹುದೇ?

ಇದುವರೆಗೆ ಹೇಳಿದ್ದೆಲ್ಲ, ವೈದ್ಯರು ಬರೆದ ಔಷಧವನ್ನು ತಲುಪಿಸುವ ಮಾತು. ದಕ್ಷಿಣ ಆಫ್ರಿಕಾದ ಫಾರ್ಮಸಿ ಕೌನ್ಸಿಲ್ 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಚ್ಚುವರಿ ತರಬೇತಿ ಪಡೆದು ಆರೋಗ್ಯ ಇಲಾಖೆಯ ಪರವಾನಗಿ ಹೊಂದಿದ ಫಾರ್ಮಸಿಸ್ಟ್‌ಗಳು, ಬೇರೆ ತೊಡಕುಗಳಿಲ್ಲದ ಎಚ್‌ಐವಿ ರೋಗಿಗಳಿಗೆ ತಾವೇ ಚಿಕಿತ್ಸೆ ಶುರುಮಾಡಬಹುದು ಎಂದಿತು. ಸೋಂಕು ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆಯನ್ನೂ ಕೊಡಬಹುದು. ಅತ್ಯಾಚಾರದಂಥ ಘಟನೆಯ ನಂತರ 72 ಗಂಟೆಯೊಳಗೆ ಆರಂಭಿಸಲೇಬೇಕಾದ ತಡೆ ಔಷಧವನ್ನೂ ಕೊಡಬಹುದು.

ಖಾಸಗಿ ವೈದ್ಯರ ಒಂದು ಸಂಘ ಕೋರ್ಟಿಗೆ ಹೋಯಿತು. ಇದು ವೈದ್ಯರ ಕ್ಷೇತ್ರಕ್ಕೆ ನುಗ್ಗುವುದು, ತಮ್ಮನ್ನು ಸರಿಯಾಗಿ ಕೇಳಿಲ್ಲ ಎಂಬುದು ಅವರ ವಾದ. ಪ್ರಿಟೋರಿಯಾ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ವಿವಾದ ಮೇಲ್ಮನವಿಗೆ ಹೋಯಿತು.

ಆಕ್ಷೇಪದಲ್ಲಿ ಹುರುಳೇ ಇಲ್ಲ ಎನ್ನಲಾಗದು. ಎಚ್‌ಐವಿ ಬಹಳ ಮುಂದುವರಿದವರಲ್ಲಿ ಮಿದುಳಿನ ಪೊರೆಗೆ ತಗಲುವ ಶಿಲೀಂಧ್ರ ಸೋಂಕು, ಬಚ್ಚಿಟ್ಟುಕೊಂಡ ಕ್ಷಯ ಇರಬಹುದು. ಅದನ್ನು ಗುರುತಿಸದೆ ಎಆರ್‌ಟಿ ಶುರುಮಾಡಿದರೆ ಪ್ರಾಣಕ್ಕೇ ಅಪಾಯ. ಕೌಂಟರ್ ಹಿಂದೆ ಖಾಸಗಿಯಾಗಿ ಮಾತನಾಡಲು ಒಂದು ಕೋಣೆಯೂ ಇಲ್ಲದ ಅಂಗಡಿಯಲ್ಲಿ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ 2010ರಲ್ಲಿ ಅದೇ ದೇಶ ನರ್ಸ್‌ಗಳಿಗೆ ಈ ಅಧಿಕಾರ ಕೊಟ್ಟಾಗಲೂ ಇಂಥ ಅನುಮಾನಗಳಿದ್ದವು. ಇವತ್ತು ಅಲ್ಲಿನ ಚಿಕಿತ್ಸೆಯ ಬಹುಭಾರ ಹೊತ್ತಿರುವುದು ನರ್ಸ್‌ಗಳೇ. ತೊಡಕಿನ ರೋಗಿಯನ್ನು ಗುರುತಿಸಿ ವೈದ್ಯರ ಬಳಿ ಕಳಿಸುವುದನ್ನು ಕಲಿಸಬಹುದು. ವೈದ್ಯರೇ ಸಿಗದ ಊರಿನಲ್ಲಿ ರೋಗಿಯನ್ನು ಸುಮ್ಮನೆ ಮನೆಗೆ ಕಳಿಸುವುದು ಸುರಕ್ಷಿತ ಆಯ್ಕೆಯೇನಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 72 ಗಂಟೆಯೊಳಗಿನ ಆ ತಡೆ ಔಷಧವನ್ನು ಔಷಧ ಅಂಗಡಿಗಳೂ ಸೇರಿ ಸಮುದಾಯ ಮಟ್ಟದಲ್ಲಿ ಕೊಡಬಹುದು ಎಂದು ಶಿಫಾರಸು ಮಾಡಿದೆ.

ನಮ್ಮಲ್ಲಿ ಹೇಗಿದೆ?

ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದೂ 2004ರ ಏಪ್ರಿಲ್‌ನಲ್ಲೇ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯ ಎಂಟು ಸರ್ಕಾರಿ ಆಸ್ಪತ್ರೆಗಳಿಂದ ಆರಂಭ. ಆ ಆರರಲ್ಲಿ ಕರ್ನಾಟಕವೂ ಒಂದು. 2023ರ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಕರ್ನಾಟಕವಿದೆ. ಎಆರ್‌ಟಿ ಕೇಂದ್ರಗಳಲ್ಲಿ ವೈದ್ಯರು, ಆಪ್ತಸಮಾಲೋಚಕರ ಜೊತೆ ಫಾರ್ಮಸಿಸ್ಟ್ ಹುದ್ದೆಯೂ ಇದೆ. ತಾಲ್ಲೂಕು ಮಟ್ಟದಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳು ಮಾತ್ರೆ ಕೊಡುತ್ತವೆ. ಉಚಿತ ಚಿಕಿತ್ಸೆ ಬಹುಪಾಲು ನಡೆಯುವುದು ಈ ಸರ್ಕಾರಿ ಸಾಲಿನಲ್ಲೇ. ಬೀದಿಬೀದಿಯಲ್ಲಿರುವ ನಮ್ಮ ಮೆಡಿಕಲ್ ಶಾಪ್‌ಗಳು ಅದರಿಂದ ಹೊರಗೇ ಉಳಿದಿವೆ.

ಜಗತ್ತಿನ ಬಡ ದೇಶಗಳಿಗೆ ಹೋಗುವ ಎಚ್‌ಐವಿ ಔಷಧದ ದೊಡ್ಡ ಪಾಲು ತಯಾರಾಗುವುದು ಭಾರತದಲ್ಲಿ. ಹೀಗಿದ್ದೂ 2022ರ ಜುಲೈನಲ್ಲಿ ಡೊಲುಟೆಗ್ರಾವಿರ್ ಸೇರಿ ಕೆಲವು ಔಷಧಗಳು ಸಿಗುತ್ತಿಲ್ಲ ಎಂದು ಎಚ್‌ಐವಿ ಪೀಡಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಕಚೇರಿಯ ಮುಂದೆ ಒಂದು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ರಾಷ್ಟ್ರಮಟ್ಟದಲ್ಲಿ ಕೊರತೆಯಿಲ್ಲ ಎಂದು ಸರ್ಕಾರ ಹೇಳಿತು. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂಬುದನ್ನು ಮಥಾಥಾದ ಡಿಪೊ ಹತ್ತು ವರ್ಷ ಮೊದಲೇ ತೋರಿಸಿತ್ತು.

ನೀವು ಅಥವಾ ನಿಮ್ಮ ಮನೆಯವರು ಎಆರ್‌ಟಿ ತೆಗೆದುಕೊಳ್ಳುತ್ತಿದ್ದರೆ, ಆ್ಯಂಟಾಸಿಡ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ, ಕ್ಷಯ ಅಥವಾ ಸಕ್ಕರೆ ಕಾಯಿಲೆಯ ಔಷಧ, ನಾಟಿ ಔಷಧ ಯಾವುದೇ ಇರಲಿ, ಕೇಂದ್ರದ ಫಾರ್ಮಸಿಸ್ಟ್‌ಗೆ ಹೇಳಿ. ಕೂಲಿಗೋ ಕೆಲಸಕ್ಕೋ ಬೇರೆ ಊರಿಗೆ ಹೋಗುವುದಿದ್ದರೆ ಮಾತ್ರೆ ಮುಗಿಯುವ ಮುಂಚೆಯೇ ಕೇಳಿ, ಆ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ನಿಮ್ಮ ಸೋಂಕಿನ ಸ್ಥಿತಿಯನ್ನು ಗುಟ್ಟಾಗಿಡುವುದು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ ಪ್ರಕಾರ ಅವರ ಕರ್ತವ್ಯ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.